ಆಟಿಕೆಯಲ್ಲದ ಯಂತ್ರ

ಬಲ್ಮಠದ ಕಂಪ್ಯೂಟರ್ ಕ್ಲಾಸಿನಲ್ಲಿ ನಮ್ಮ ಮಾಸ್ಟ್ರು ಯಾರು ಬಂದರೂ ಮೊದಲು ಹೇಳುತ್ತಿದ್ದುದು ಒಂದೇ: "ಕಾಲು ತೊಳೆದು ಬಾ." ಯಂತ್ರಕ್ಕೆ ಧೂಳು ಆಗದು.

ಕ್ಲಾಸಿನ ಪಕ್ಕದ ಮನೆಗೆ ದುಬೈಯಿಂದ ಟಿವಿಗೆ ಜೋಡಿಸುವ ವಿಡಿಯೋ ಗೇಮ್ ಬಂದಾಗ ಮಾಸ್ಟ್ರು ಮೂಗು ಮುರಿದರು. "ಅದು ಆಟಿಕೆ ಮಾರಾಯ, ಇದು ಕಂಪ್ಯೂಟರ್."

ಆದರೂ ಅದರಲ್ಲಿದ್ದ ಕಾರಿನ ಆಟ ಕಂಪ್ಯೂಟರಿಗೆ ಯಾವಾಗ ಬರುತ್ತದೆಂದು ಕೇಳಿ ವಿದೇಶದ ಕಂಪೆನಿಗೆ ಮೂರು ಕಾಗದ ಬರೆದರು. ಕೊನೆಗೊಮ್ಮೆ ಉತ್ತರ ಬಂತು: ಕಂಪ್ಯೂಟರಿಗೆ ಆಟ ಮಾಡುವ ಯೋಚನೆ ನಮಗಿಲ್ಲ, ದಯವಿಟ್ಟು ವಿಡಿಯೋ ಗೇಮ್ ಕೊಳ್ಳಿ.

"ಇವರಿಗೆ ಎಂತ ಗೊತ್ತುಂಟು?" ಎಂದು ಕಾಗದ ಮಡಚಿಟ್ಟರು.

ಮರುದಿನ ಕ್ಲಾಸಿಗೆ ಬೀಗ ಹಾಕಿತ್ತು. ಹುಡುಕಿಕೊಂಡು ಪಕ್ಕದ ಮನೆಗೆ ಹೋದರೆ, ಮಾಸ್ಟ್ರು ಟಿವಿಯೆದುರು ಚಾಪೆಯಲ್ಲಿ ಕೂತು ಕಾರು ಓಡಿಸುತ್ತಿದ್ದರು. ನಾನು ಹೊಸ್ತಿಲು ದಾಟುವ ಮೊದಲೇ, ಆಟದಿಂದ ಕಣ್ಣು ತೆಗೆಯದೆ ಹೇಳಿದರು:

"ಕಾಲು ತೊಳೆದು ಬಾ."