ಮಾದಿ ಅಕ್ಕನೂ ಮೋನಿಷಾಳ ವೆಬ್‌ಸೈಟೂ

ಮಂಜೂರಿನ ಹತ್ತಿರ ಬೆಟ್ಟದ ಮೇಲಿನ ನಮ್ಮ ಹಟ್ಟಿಯಲ್ಲಿ ಮಾದಿ ಅಕ್ಕ ನನ್ನ ಎದುರು ಮನೆಯವಳು. ತಲೆ ಬಗ್ಗಿಸಿದ ಕಿರಿಯರ ನೆತ್ತಿಯ ಮೇಲೆ ಕೈ ಇಟ್ಟು ಹರಸುವುದು ನಮ್ಮವರ ಪದ್ಧತಿ. ಅವಳಿಗೋ ಅದು ಹುಚ್ಚು. ಚಿಲ್ಲರೆ ಹೆಕ್ಕಲು ಬಗ್ಗಿದ ಬಸ್ ಕಂಡಕ್ಟರನನ್ನೂ ಬಿಟ್ಟವಳಲ್ಲ.

ಅವಳ ಮೊಮ್ಮಗಳು ಮೋನಿಷಾ, ಮನೆಯಲ್ಲೇ ಕೈಯಿಂದ ಹೊಸೆದ ಟೀ ಮಾರಲು ವೆಬ್‌ಸೈಟ್ ಮಾಡಿದಳು. ಯಾರೂ ಕೊಳ್ಳಲಿಲ್ಲ. ಈ ತಿಂಗಳೂ ಹೀಗೇ ಆದರೆ ಅದನ್ನು ಮುಚ್ಚಿ, ತಮ್ಮ ತೋಟದ ಎಲೆಯನ್ನು ಮೊದಲಿನಂತೆ ಫ್ಯಾಕ್ಟರಿಗೆ ಹಾಕುವುದೆಂದು ನಿಶ್ಚಯಿಸಿ, ಕೊನೆಯದಾಗಿ ಫೋನಿನಲ್ಲಿ ಲೈವ್ ಹಾಕಿದಳು. ಮಾದಿ ಅಕ್ಕ ಎಲೆ ಹೊಸೆಯುತ್ತಿದ್ದಳು.

"ಹೆತ್ತೆ, ಈರೋಡಿನ ಹುಡುಗಿಯೊಬ್ಬಳು ನಿನಗೆ ತಲೆ ಬಗ್ಗಿಸಿದ್ದೀನಿ ಅಂತ ಬರ್ದಿದ್ದಾಳೆ," ಎಂದು ಮೋನಿಷಾ ಹೇಳಿದಳು. ಹೆತ್ತೆ ಎಂದರೆ ನಮ್ಮ ಮಾತಿನಲ್ಲಿ ಅಜ್ಜಿ.

ಮಾದಿ ಅಕ್ಕ ಎದ್ದು ಬಂದು ಫೋನಿನ ಮುಖಕ್ಕೇ ಅಂಗೈ ಒತ್ತಿದಳು. "ಸುಖವಾಗಿ ಬಾಳು ಕೂಸೇ!"

"ಅಯ್ಯೋ ಹೆತ್ತೆ, ಕೈ ತೆಗಿ! ಎಲ್ಲರಿಗೂ ಕತ್ತಲೆ!"

"ಇರೇ, ಹರಸಿ ಮುಗೀಲಿ."

ಕೈ ತೆಗೆದಾಗ ನೋಡುವವರೆಲ್ಲ ನಗುತ್ತ, ನನಗೂ ನನಗೂ ಎಂದು ಬರೆಯುತ್ತಿದ್ದರು. ಅವರೇ ವೆಬ್‌ಸೈಟಿಗೆ ಹೋಗಿ ಟೀ ಕೊಂಡರು. ಮಾಡಿಟ್ಟದ್ದೆಲ್ಲ ಸಂಜೆಗೆ ಖಾಲಿ.

ಈಗ ಪ್ರತಿ ಭಾನುವಾರ ಲೈವ್ ಇದೆ. ಮುಖ ಮುಚ್ಚದೆ ಫೋನಿನ ನೆತ್ತಿಯ ಮೇಲೆ ಕೈ ಇಡುವುದನ್ನು ಮೋನಿಷಾ ಅಜ್ಜಿಗೆ ಕಲಿಸಿದ್ದಾಳೆ.