ಸಮವಾಗಲು ಹಿಡಿದ ಹೊತ್ತು

ಮರಾಠಿ ಸೀಮೆಯ ನಿಗಡಿಯಲ್ಲಿದ್ದ ತ್ರಿವೇಣಿ ಸ್ಫೋಟಗಳ ಅಧ್ಯಯನ ಮಾಡುತ್ತಿದ್ದಳು. ಅವೆಲ್ಲ ಸದ್ದಿಲ್ಲದೆ ಕಂಪ್ಯೂಟರಿನೊಳಗೆ ನಡೆಯುವಂಥವು. ಲಕ್ಷಾಂತರ ಅಣುಗಳನ್ನು ಲೆಕ್ಕದಲ್ಲೇ ಒಂದು ಪೆಟ್ಟಿಗೆಗೆ ತುಂಬಿ, ಒಂದು ಬದಿಯಿಂದ ಆಘಾತ ಕೊಟ್ಟು, ಯಾವ ಅಣು ಎತ್ತ ಓಡಿತು, ಎಷ್ಟು ಕಂಪಿಸಿತು ಎಂದು ನೋಡುವುದು ಅವಳ ಕೆಲಸ. ಸಿಡಿದ ಕೂಡಲೇ ಶಾಖ ಅಣುಗಳ ಓಟಕ್ಕೂ ಅವುಗಳ ಒಳಗಿನ ಕಂಪನಕ್ಕೂ ಸಮನಾಗಿ ಹಂಚಿಹೋಗುತ್ತದೆಯೇ, ಇಲ್ಲ ಅದಕ್ಕೂ ಹೊತ್ತು ಹಿಡಿಯುತ್ತದೆಯೇ? ಐದು ವರ್ಷ ಈ ಪ್ರಶ್ನೆಯ ಬೆನ್ನು ಹತ್ತಿ, ಕೂಡಲೇ ಹಂಚಿಹೋಗುತ್ತದೆಂದು ಪಿಎಚ್‌ಡಿ ಪ್ರಬಂಧದಲ್ಲಿ ಬರೆದಾಗಿತ್ತು.

ಪ್ರಬಂಧ ಒಪ್ಪಿಸಲು ಹದಿನೈದು ದಿನ ಉಳಿದಾಗ, ಹಳೆಯ ಪ್ರೋಗ್ರಾಮಿನ ಒಂದು ಸಾಲಿನ ಮೇಲೆ ಅವಳ ಕಣ್ಣು ನಿಂತಿತು. ಆರಂಭದಲ್ಲಿ ತಾಪವನ್ನು ಹದದಲ್ಲಿಡಲು ಹಾಕಿದ್ದ ಸಾಲು. ಆಘಾತ ಕೊಡುವ ಮುಂಚೆ ಅದನ್ನು ತೆಗೆಯಬೇಕಿತ್ತು, ಮರೆತಿದ್ದಳು. ಶಾಖ ತಾನಾಗಿ ಸಮವಾಗಿರಲಿಲ್ಲ. ಆ ಸಾಲೇ ಸಮ ಮಾಡುತ್ತ ಬಂದಿತ್ತು.

ಮನೆಯಲ್ಲಿ ಅವಳು ತಾಟಿನ ಮುಂದೆ ಸುಮ್ಮನೆ ಕೂತದ್ದನ್ನು ಅಪ್ಪ ರಾಮಲಿಂಗಪ್ಪ ನೋಡಿದರು. ದೌಂಡದ ರೈಲ್ವೆ ಕಚೇರಿಯಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು.

“ಯಾಕವ್ವ, ರೊಟ್ಟಿ ಮುಟ್ಟೇ ಇಲ್ಲಲ್ಲ?”

“ಕೆಲಸದಾಗ ತಪ್ಪಾಗೇದಪ್ಪಾ. ಭಾಳ ದೊಡ್ಡದು. ಯಾರಿಗೂ ಗೊತ್ತಿಲ್ಲ.”

“ನಿನಗ ಗೊತ್ತಾತಲ್ಲ.”

“ಹೇಳಿದ್ರ ಮತ್ತೊಂದ ವರ್ಷ ಹೋಗ್ತದ.”

“ಹೋಗ್ಲಿ ಬಿಡು. ಹೇಳಲಿಲ್ಲಂದ್ರ ಜನ್ಮಪೂರ್ತಿ ಹೊಟ್ಯಾಗ ಇಟ್ಕೊಂಡು ತಿರಗಬೇಕಾಗ್ತದ.”

ಮರುದಿನ ಮಾರ್ಗದರ್ಶಕಿ ನೀರಜಾ ಅವರೆದುರು ಎಲ್ಲವನ್ನೂ ಮರಾಠಿಯಲ್ಲಿ ಹೇಳಿದಳು. ಅವರು ಆ ಸಾಲನ್ನು ಪರದೆಯ ಮೇಲೆ ತೆರೆಸಿದರು.

“ಈ ಸಾಲನ್ನು ನಾನೂ ಎರಡು ಸಲ ಓದಿದ್ದೆ,” ಎಂದರು. “ಕುರ್ಚಿ ಎಳೆದುಕೋ, ಮೊದಲಿನಿಂದ ನೋಡೋಣ.”

ಹೊಸ ಲೆಕ್ಕಕ್ಕೆ ಹನ್ನೊಂದು ತಿಂಗಳು ಹಿಡಿಯಿತು. ಆ ಸಾಲಿಲ್ಲದೆ ಬಿಟ್ಟಾಗ ಆಘಾತ ತಗುಲಿದ ಅಣುಗಳು ತಕ್ಷಣ ದಿಕ್ಕಾಪಾಲಾಗಿ ಓಡಿದವು. ಆದರೆ ಅವುಗಳ ಒಳಗಿನ ಕಂಪನ ಇನ್ನೂ ಏರಿರಲಿಲ್ಲ. ಕಣ್ಣೆವೆ ಮುಚ್ಚುವುದರ ಕೋಟಿಯಲ್ಲೊಂದು ಪಾಲಿಗಿಂತ ಚಿಕ್ಕ ಅವಧಿ, ಒಂದೇ ಜಾಗದಲ್ಲಿ ಎರಡು ತಾಪ: ಓಟದ್ದೊಂದು, ಕಂಪನದ್ದೊಂದು. ಆಮೇಲಷ್ಟೇ ಎರಡೂ ಒಂದಾದವು. ಮೊದಲ ಸಲ ನಕ್ಷೆಯಲ್ಲಿ ಆ ಎರಡು ತಾಪಗಳ ಗೆರೆಗಳು ಬೇರೆಬೇರೆಯಾಗಿ ಕಂಡಾಗ ತ್ರಿವೇಣಿಗೆ ಸಂತೋಷಕ್ಕಿಂತ ಹೆಚ್ಚಾಗಿ ಹಸಿವಾಯಿತು. ಕ್ಯಾಂಟೀನಿಗೆ ಹೋಗಿ ಎರಡು ಪ್ಲೇಟು ಅವಲಕ್ಕಿ ಪೋಹೆ ತಿಂದಳು.

ಪ್ರಬಂಧದಲ್ಲಿ ಅವಳು ತಪ್ಪು ನಕ್ಷೆಯನ್ನೂ ಸರಿಯಾದದ್ದರ ಪಕ್ಕದಲ್ಲೇ ಅಚ್ಚು ಹಾಕಿಸಿದಳು. ಅದೇಕೆಂದು ಪರೀಕ್ಷಕರು ಕೇಳಿದರು.

“ನಾನು ಮರೆತದ್ದನ್ನು ಇನ್ನೊಬ್ಬರೂ ಮರೆಯಬಹುದು, ಸರ್,” ಎಂದಳು.

ಅವರು ಆ ಪುಟಕ್ಕೆ ಒಂದು ಗುರುತು ಹಾಕಿಕೊಂಡು ಮುಂದಿನ ಪ್ರಶ್ನೆಗೆ ಹೋದರು.