ಏರಿನಲ್ಲಿ ಕಾಲೂರದವಳು

ಸಾಗರದಿಂದ ಹೊಸನಗರಕ್ಕೆ ಹೋಗುವ ದಾರಿಯಲ್ಲಿ ಒಂದು ಏರು ಇದೆ. ಬಸ್ಸಿನಲ್ಲಿ ಹೋಗುವವರಿಗೆ ಅದು ಏರು ಎಂದೇ ತಿಳಿಯುವುದಿಲ್ಲ. ಡ್ರೈವರ್ ಒಂದು ಗೇರು ಇಳಿಸುತ್ತಾನೆ, ಕಿಟಕಿಗೆ ತಲೆಯಾನಿಸಿ ನಿದ್ದೆ ಮಾಡುವವರಿಗೆ ಒಮ್ಮೆ ಎಚ್ಚರವಾಗುತ್ತದೆ, ಅಷ್ಟೇ. ಸೈಕಲ್ ತುಳಿಯುವವರಿಗೆ ಮಾತ್ರ ಅದರ ನಿಜಸ್ವರೂಪ ಗೊತ್ತು. ಮೂರು ತಿರುವು, ಎರಡೂ ಬದಿ ಕಾಡು, ಭಾನುವಾರ ಬೆಳಿಗ್ಗೆಯಾದರೆ ರಸ್ತೆಯಲ್ಲಿ ನರಪಿಳ್ಳೆ ಇರುವುದಿಲ್ಲ. ಅಲ್ಲಿ ನನ್ನ ಏದುಸಿರು ನನಗೇ ಕೇಳಿಸಿ ನಾಚಿಕೆಯಾಗುತ್ತಿತ್ತು. ಮೂರನೆಯ ತಿರುವಿನಲ್ಲಿ ಒಂದು ಮನೆ. ಆ ಮನೆಯ ಹೆಂಗಸಿಗೆ ನಾನು ಮಾಡಿದ್ದನ್ನು, ಸರಿಯಾಗಿ ಹೇಳಬೇಕೆಂದರೆ ಮಾಡದೇ ಬಿಟ್ಟಿದ್ದನ್ನು, ಇಲ್ಲಿಯವರೆಗೆ ಯಾರ ಹತ್ತಿರವೂ ಹೇಳಿಕೊಂಡಿಲ್ಲ.

ನಾನು ಸಾಗರದ ಒಂದು ಹೈಸ್ಕೂಲಿನಲ್ಲಿ ಗಣಿತದ ಟೀಚರ್. ನಲವತ್ತಾರನೆಯ ವಯಸ್ಸಿಗೆ ಗೇರಿನ ಸೈಕಲ್ ಕೊಂಡೆ. ಆ ವಯಸ್ಸಿಗೆ ನಮ್ಮ ಕಡೆಯ ಹೆಂಗಸರು ಮಂಡಿನೋವಿನ ಎಣ್ಣೆ ಕೊಳ್ಳುತ್ತಾರೆ. ಹೆಲ್ಮೆಟ್ಟು, ಬಿಗಿ ಪ್ಯಾಂಟು, ಕೈಗವಸು ಹಾಕಿಕೊಂಡು ಹೊರಟ ಮೊದಲ ದಿನ ಬೀದಿಯವರೆಲ್ಲ ಬಾಯಿ ಬಿಟ್ಟುಕೊಂಡು ನೋಡಿದರು. ನನಗದು ಖುಷಿಯೇ ಆಯಿತು. ಯಾರಾದರೂ ಬೇಡ ಎಂದದ್ದನ್ನು ಮಾಡಿಯೇ ತೀರುವ ಹಟ ನನಗೆ ಚಿಕ್ಕಂದಿನಿಂದ ಇದೆ.

ಆ ಹಟಕ್ಕೆ ತುಪ್ಪ ಸುರಿದವನು ನನ್ನ ತಮ್ಮ. ಅವನ ಮನೆ ಇರುವುದು ತೀರ್ಥಹಳ್ಳಿ ತಾಲೂಕಿನ ಮೇಳಿಗೆಯಲ್ಲಿ. ಸೈಕಲ್ ಕೊಂಡ ಸುದ್ದಿ ಕೇಳಿ ಫೋನಿನಲ್ಲಿ ಹೊಟ್ಟೆ ತುಂಬ ನಕ್ಕ. "ಸಾಗರದಿಂದ ತುಳ್ಕಂಡು ನಮ್ಮನೆಗೆ ಮಧ್ಯಾಹ್ನದ ಊಟಕ್ಕೆ ಬಾ ನೋಡಣ. ನೀ ಬಂದ್ರೆ ಅವತ್ತು ಅಡಿಗೆ ನಂದೇ" ಎಂದ. ಒಂದು ಲೋಟ ಕಾಫಿಯನ್ನೂ ತಾನಾಗಿ ಬಗ್ಗಿಸಿಕೊಳ್ಳದ ಮನುಷ್ಯ ಅವನು. ಆ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಬೇಸಿಗೆ ರಜದಲ್ಲಿ, ಮಳೆ ಹಿಡಿಯುವುದರೊಳಗೆ, ಒಂದು ಗಂಟೆಯ ಊಟಕ್ಕೆ ಅವನ ಮನೆಯ ಅಂಗಳದಲ್ಲಿ ಸೈಕಲ್ ನಿಲ್ಲಿಸಬೇಕು ಎಂದು ತೀರ್ಮಾನಿಸಿದೆ.

ಅದರ ತಯಾರಿಗೆ ಸಂಕ್ರಾಂತಿ ಕಳೆದ ಮೇಲೆ ಪ್ರತಿ ಭಾನುವಾರ ಒಂದು ಸುತ್ತು ಹೊಡೆಯತೊಡಗಿದೆ. ಸಾಗರದಿಂದ ಹೊಸನಗರ, ಅಲ್ಲಿಂದ ರಿಪ್ಪನ್‌ಪೇಟೆ, ಆನಂದಪುರದ ಮೇಲೆ ವಾಪಸ್ಸು. ಹೋದ ದಾರಿಯಲ್ಲಿ ತಿರುಗಿ ಬರುವ ಪ್ರಮೇಯವೇ ಇಲ್ಲ. ಹ್ಯಾಂಡಲಿಗೆ ಸಿಕ್ಕಿಸಿದ ಮೊಬೈಲು ಗಂಟೆಗೆ ಎಷ್ಟು ವೇಗ, ಸರಾಸರಿ ಎಷ್ಟು ಎಂದು ತೋರಿಸುತ್ತಲೇ ಇರುತ್ತಿತ್ತು. ನಿಂತ ಹೊತ್ತನ್ನೂ ಸೇರಿಸಿಕೊಂಡು ಸರಾಸರಿ ತೆಗೆ ಎಂದು ನಾನೇ ಅದಕ್ಕೆ ಹೇಳಿಟ್ಟಿದ್ದೆ. ನೀರು ಕುಡಿಯುವುದಾದರೂ ತುಳಿಯುತ್ತಲೇ ಕುಡಿಯುತ್ತಿದ್ದೆ. ಗಣಿತದವರಿಗೆ ಅಂಕಿ ಒಮ್ಮೆ ಹತ್ತಿಕೊಂಡರೆ ಬಿಡುವುದಿಲ್ಲ, ನನಗಂತೂ ಹುಚ್ಚೇ ಹಿಡಿಯಿತು.

ಎರಡನೆಯದೋ ಮೂರನೆಯದೋ ಭಾನುವಾರ, ಮೂರನೆಯ ತಿರುವಿನ ಮನೆಯ ಬೇಲಿಯ ಹತ್ತಿರ ಒಬ್ಬ ಹೆಂಗಸು ನಿಂತಿದ್ದಳು. ಮೂವತ್ತೇಳು ಮೂವತ್ತೆಂಟು ವಯಸ್ಸಿರಬಹುದು, ಕೈಯಲ್ಲಿ ಕತ್ತಿ, ತಲೆಗೆ ಸುತ್ತಿದ ಟವೆಲ್ಲು. "ಅಯ್ಯೋ, ಏನ್ ಉಸ್ರು ಬಿಡ್ತೀರಿ! ಬನ್ನಿ ಮೇಡಂ, ಆಸ್ರಿಗೆ ಕುಡ್ದು ಹೋಗಿ" ಎಂದು ಕರೆದಳು. ಬಾಯಾರಿ ಬಂದವರಿಗೆ ಕೊಡುವ ನೀರು ಬೆಲ್ಲಕ್ಕೆ ನಮ್ಮ ಕಡೆ ಆಸರಿಗೆ ಎನ್ನುತ್ತಾರೆ. ಗುರುತಿಲ್ಲದವರನ್ನೂ ಕರೆಯುವುದು ರೂಢಿ. ಕರೆದವರಿಗೆ ಒಲ್ಲೆ ಎನ್ನುವುದು ಮರ್ಯಾದೆಯಲ್ಲ. ಅದಕ್ಕೂ ನಮ್ಮಲ್ಲಿ ಒಂದು ಮಾತಿದೆ, ನಾನು ಅದನ್ನೇ ಹೇಳಿದೆ: "ಬರುವಾಗ ಬರ್ತೀನಿ!" ಎಲ್ಲರೂ ಹಾಗನ್ನುತ್ತಾರೆ, ಕೇಳಿದವರೂ ಆಯಿತು ಎನ್ನುತ್ತಾರೆ, ಅಲ್ಲಿಗೆ ಇಬ್ಬರ ಗೌರವವೂ ಉಳಿಯುತ್ತದೆ. ನಾನು ಆ ದಾರಿಯಲ್ಲಿ ಬರುವವಳೇ ಅಲ್ಲ ಎಂಬುದು ಅವಳಿಗೆ ಹೇಗೆ ಗೊತ್ತಾಗಬೇಕು?

ಮುಂದಿನ ಭಾನುವಾರ ಅವಳು ಬೇಲಿಯ ಬಾಯಿಗೆ ಅಡ್ಡ ಹಾಕಿದ ಉಣುಗೋಲು ಸರಿಸಿ ರಸ್ತೆಗೇ ಬಂದಳು. ಆ ಏರಿನಲ್ಲಿ ನನ್ನ ಸೈಕಲ್ಲಿನ ವೇಗ ಎಷ್ಟೆಂದರೆ ಅವಳು ಪಕ್ಕದಲ್ಲಿ ನಡೆದುಕೊಂಡೇ ಮಾತಾಡಬಹುದಿತ್ತು. ಮಾತಾಡಿದಳು. ನಾನು ಟೀಚರೆಂಬುದನ್ನು ಬಸ್ಸಿನ ಕಂಡಕ್ಟರನಿಂದ ತಿಳಿದುಕೊಂಡಿದ್ದಳು. "ಮೇಡಂ, ನಂಗೂ ಸೈಕಲ್ ಕಲಿಸ್ತೀರಾ?" ಎಂದು ನೇರವಾಗಿಯೇ ಕೇಳಿದಳು. ನಾನು ನಕ್ಕೆ. ಅವಳು ನಗಲಿಲ್ಲ.

ವಿಷಯ ಇಷ್ಟು. ಅವರ ಊರಿನ ಅಂಚೆ ಹಂಚುವವರು ಮೇ ತಿಂಗಳ ಕೊನೆಗೆ ನಿವೃತ್ತರಾಗುವವರಿದ್ದರು. ಅವರ ಜಾಗಕ್ಕೆ ಸದ್ಯಕ್ಕೊಬ್ಬರು ಬೇಕು, ನೀನು ಹತ್ತನೇ ಕ್ಲಾಸು ಪಾಸಾಗಿದ್ದೀಯ, ನಿನ್ನ ಹೆಸರು ಹೇಳುತ್ತೇನೆ ಎಂದು ಅವರೇ ಇವಳಿಗೆ ಹೇಳಿದ್ದರಂತೆ. "ಸೈಕಲ್ ಒಂದು ಬರ್ಬೇಕು ಅಂದ್ರು. ನಮ್ಮಲ್ಲಿ ಒಂದ್ಮನೆಯಿಂದ ಒಂದ್ಮನೆಗೆ ಮೈಲಿ ದೂರ, ನಡ್ಕಂಡು ಹಂಚಿ ಪೂರೈಸಲ್ಲ. ಮಗಳಿಗೆ ಶಾಲೇಲಿ ಕೊಟ್ಟಿದ್ ಸೈಕಲ್ ಕೊಟ್ಟಿಗೇಲಿ ಬಿದ್ದದೆ. ಅವ್ಳು ಶಿವಮೊಗ್ಗದ ಹಾಸ್ಟೆಲಲ್ಲಿ. ಇಷ್ಟು ವರ್ಷ ಇನ್ನೊಬ್ರ ಅಡಿಕೆ ಸುಲ್ದು ಸಾಕಾಗದೆ ಮೇಡಂ. ಒಂದ್ ಕೆಲ್ಸ ಅಂತ ನಂದೇ ಇದ್ರೆ..." ಅಷ್ಟರಲ್ಲಿ ಏರು ಮುಗಿಯಿತು, ಇಳಿಜಾರು ಸಿಕ್ಕಿತು. "ಬರುವಾಗ ಕಲಿಸ್ತೀನಿ" ಎಂದು ಕೂಗಿ ಗೇರು ಏರಿಸಿದೆ.

ಕಲಿಸಬಾರದು ಎಂದೇನೂ ಇರಲಿಲ್ಲ. ಅದನ್ನು ಇಲ್ಲಿ ಒತ್ತಿ ಹೇಳಬೇಕು, ಯಾಕೆಂದರೆ ನನ್ನ ಮನಸ್ಸಿನಲ್ಲಿ ಕಲಿಸುವ ಇರಾದೆ ಯಾವಾಗಲೂ ಇತ್ತು, ಆ ಇರಾದೆಯ ಮೇಲೆಯೇ ನಾನು ಹಾಯಾಗಿದ್ದೆ. ಈ ವಾರ ಬೇಡ, ಕಾಲು ಈಗ ಹದಕ್ಕೆ ಬಂದಿದೆ. ಮುಂದಿನ ವಾರ ಪರೀಕ್ಷೆಯ ಪೇಪರು ತಿದ್ದುವುದಿದೆ, ಬೇಗ ಮನೆ ಸೇರಬೇಕು. ಏರಿನ ಮಧ್ಯೆ ನಿಂತರೆ ಮತ್ತೆ ಹತ್ತುವುದು ಕಷ್ಟ. ಇವೆಲ್ಲ ಸುಳ್ಳಲ್ಲ. ಆದರೆ ಅವಳಿಗೆ ಬೇಕಿದ್ದದ್ದು ಎರಡೇ ಭಾನುವಾರ, ಅರ್ಧರ್ಧ ಗಂಟೆ. ಹಿಂದಿನಿಂದ ಸೀಟು ಹಿಡಿದು ಓಡಿದ್ದರೆ ಸಾಕಿತ್ತು.

ಮಾರ್ಚಿನ ಹೊತ್ತಿಗೆ ಕೊಟ್ಟಿಗೆಯ ಸೈಕಲ್ಲು ಬೇಲಿಗೆ ಬಂತು. ತೊಳೆದು ಒರೆಸಿದ್ದಳು. ಹೊಸನಗರಕ್ಕೆ ಬಸ್ಸಿನ ಮೇಲೆ ಹಾಕಿಕೊಂಡು ಹೋಗಿ ಟಯರು ಬದಲಿಸಿಕೊಂಡು ಬಂದದ್ದನ್ನು ಪಕ್ಕದಲ್ಲಿ ನಡೆಯುತ್ತ ಹೇಳಿದಳು. ಮತ್ತೊಂದು ಭಾನುವಾರ ಬ್ರೇಕು ತೋರಿಸಿ, "ಇದು ಹೀಂಗಿದ್ರೆ ಸಾಕಾ ಮೇಡಂ?" ಎಂದಳು. ನಾನು ತಿರುಗಿ ನೋಡಿ ಸಾಕು ಎಂದೆ. ಪ್ರತಿ ವಾರ ಅವಳು ನನ್ನ ಜೊತೆ ನೂರು ಹೆಜ್ಜೆ ನಡೆದಳು. ಆ ನೂರು ಹೆಜ್ಜೆಗಳನ್ನೆಲ್ಲ ಕೂಡಿಸಿದರೆ ಒಂದು ಪಾಠವಾಗುತ್ತಿತ್ತು. ನನ್ನ ಸರಾಸರಿ ವಾರದಿಂದ ವಾರಕ್ಕೆ ಏರುತ್ತಿತ್ತು, ನಾನು ಅದನ್ನು ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ತೋರಿಸುತ್ತಿದ್ದೆ.

ಏಪ್ರಿಲ್ ಕೊನೆಯಲ್ಲಿ ಮೇಳಿಗೆಗೆ ಹೊರಟೆ. ಇನ್ನೂ ನಸುಕು. ಆ ತಿರುವಿಗೆ ಬರುವಾಗ ಅವಳು ಅಂಗಳ ಗುಡಿಸುತ್ತಿದ್ದಳು. ಬೆನ್ನಿನ ಚೀಲ ನೋಡಿ ಎಲ್ಲಿಗೆ ಎಂದಳು. "ತಮ್ಮನ ಮನೆಗೆ. ನಾಳೆ ಇದೇ ದಾರೀಲಿ ವಾಪಸ್ ಬರ್ತೀನಿ. ನಾಳೆ ಖಂಡಿತ" ಎಂದೆ. ಅವಳ ಮುಖ ಅರಳಿತು. "ನಾಳೆ ಎಲ್ಲಿಗೂ ಹೋಗಲ್ಲ ಹಂಗಾರೆ" ಎಂದಳು.

ನಾನು ಗೆದ್ದೆ. ಹನ್ನೆರಡೂವರೆಗೆ ತಮ್ಮನ ಅಂಗಳದಲ್ಲಿದ್ದೆ. ಅವನು ಮಾಡಿದ ಸಾರಿಗೆ ಉಪ್ಪೇ ಇರಲಿಲ್ಲ, ಅವನ ಹೆಂಡತಿ ನಕ್ಕು ನಕ್ಕು ಸುಸ್ತಾದಳು. ಎರಡನೆಯ ಸಲ ಬಡಿಸಿಕೊಂಡು ಉಂಡೆ. ಮರುದಿನ ಏಳುವಾಗ ತೊಡೆಗಳೆರಡೂ ಮರಗಟ್ಟಿದ್ದವು. ತಿರುಗಿ ತುಳಿಯುವುದು ದೂರದ ಮಾತು, ಮೆಟ್ಟಿಲಿಳಿಯುವುದೇ ಕಷ್ಟವಾಯಿತು. ತಮ್ಮ ತೀರ್ಥಹಳ್ಳಿಯಲ್ಲಿ ಸೈಕಲ್ಲನ್ನು ಬಸ್ಸಿನ ಮೇಲೆ ಹಾಕಿಸಿ ನನ್ನನ್ನು ಕಿಟಕಿ ಪಕ್ಕ ಕೂರಿಸಿದ. ಹೊಸನಗರದಲ್ಲಿ ಬಸ್ಸು ಬದಲಿಸಿದೆ.

ಆ ಏರು ಈಗ ನನಗೆ ಇಳಿಜಾರು. ಬಸ್ಸು ತಿರುವಿಗೆ ಬಂದಾಗ ಅವಳು ಕಂಡಳು. ಸೀರೆ ಉಟ್ಟಿರಲಿಲ್ಲ, ಸೈಕಲ್ ಕಲಿಯಲು ಅನುಕೂಲವಾಗಲೆಂದು ಮಗಳ ಚೂಡಿದಾರ ಹಾಕಿಕೊಂಡಿದ್ದಳು. ಸೈಕಲ್ಲಿನ ಹ್ಯಾಂಡಲ್ ಹಿಡಿದು ರಸ್ತೆಯ ಬದಿಯಲ್ಲಿ ನಿಂತು ಹೊಸನಗರದ ದಿಕ್ಕನ್ನೇ ನೋಡುತ್ತಿದ್ದಳು. ಬಸ್ಸನ್ನು ನೋಡಲಿಲ್ಲ, ಬಸ್ಸಿನ ಹಿಂದಿನ ರಸ್ತೆಯನ್ನು ನೋಡುತ್ತಿದ್ದಳು. ಹೋಲ್ಡಾನ್ ಎಂದು ಒಂದು ಮಾತು ಕೂಗಿದ್ದರೆ ಕಂಡಕ್ಟರು ಸೀಟಿ ಊದುತ್ತಿದ್ದ. ನಮ್ಮ ಕಡೆಯ ಬಸ್ಸು ಎಲ್ಲಿ ಕೈ ಮಾಡಿದರೂ ನಿಲ್ಲುತ್ತದೆ. ನಾನು ತಲೆ ತಗ್ಗಿಸಿ ಮೊಬೈಲು ನೋಡತೊಡಗಿದೆ. ಕಾಲು ನೋವು ಎಂದು ಆಗ ನನಗೆ ನಾನೇ ಹೇಳಿಕೊಂಡೆ. ಈಗ ಬೇರೆ ಹೆಸರಿಡುತ್ತೇನೆ, ಅದು ಶುದ್ಧ ಹೇಡಿತನ. ಟೀಚರಮ್ಮ ಸೈಕಲ್ಲನ್ನು ಬಸ್ಸಿನ ಮೇಲೆ ಹಾಕಿಕೊಂಡು ಬಂದಳು ಎಂದು ಅವಳಿಗೆ ಗೊತ್ತಾಗಬಾರದಿತ್ತು ನನಗೆ.

ಮೇ ತಿಂಗಳು ಮದುವೆ ಮುಂಜಿಗಳಲ್ಲಿ ಹೋಯಿತು. ಆಮೇಲೆ ಶಾಲೆ, ಮಳೆ. ಸೈಕಲ್ಲು ಜಗಲಿಯಲ್ಲಿ ಗೋಣಿಚೀಲ ಹೊದ್ದು ನಿಂತಿತು. ಅವಳ ನೆನಪು ಬಂದಾಗಲೆಲ್ಲ ಯಾರಾದರೂ ಕಲಿಸಿರುತ್ತಾರೆ ಬಿಡು ಎಂದುಕೊಳ್ಳುತ್ತಿದ್ದೆ.

ದಸರಾ ರಜದಲ್ಲಿ ಮತ್ತೆ ಆ ಏರು ಹತ್ತಿದೆ. ಅವಳು ಗದ್ದೆಯ ಕಡೆಯಿಂದ ಹುಲ್ಲಿನ ಹೊರೆ ಹೊತ್ತು ಬರುತ್ತಿದ್ದವಳು, "ಬನ್ನಿ ಮೇಡಂ, ಆಸ್ರಿಗೆ ಕುಡ್ದು ಹೋಗಿ" ಎಂದಳು. ಅದೇ ದನಿ, ಒಂದು ಎಳೆ ಸಿಟ್ಟಿಲ್ಲ. ಕಾಲು ಊರಿದೆ. ಸೈಕಲ್ಲು ಬೇಲಿಗೆ ಒರಗಿಸಿ ಜಗಲಿಯಲ್ಲಿ ಕೂತೆ. ನೀರು, ಬೆಲ್ಲ, ಆಮೇಲೆ ಮಜ್ಜಿಗೆ ತಂದಿಟ್ಟಳು. ಅಂಚೆಯ ಮಾತು ತಾನಾಗಿ ಎತ್ತಲಿಲ್ಲ. ಕೊನೆಗೆ ನಾನೇ ಕೇಳಬೇಕಾಯಿತು.

"ಅದು ಆಚೆ ಊರಿನ ಒಬ್ರಿಗೆ ಆತು. ಸೈಕಲ್ ಬರ್ತದಾ ಅಂತ ಕೇಳಿದ್ರು. ಇಲ್ಲ ಅಂದೆ. ಸುಳ್ಳು ಹೇಳಕ್ಕಾಗ್ತದಾ ಮೇಡಂ?"

ಮಜ್ಜಿಗೆಯ ಲೋಟ ಕೆಳಗಿಟ್ಟೆ. ತಪ್ಪಾಯಿತು ಎನ್ನಬೇಕಿತ್ತು. ಅದರ ಬದಲು, ತಪ್ಪಿನಲ್ಲಿ ಒಂದು ಪಾಲನ್ನಾದರೂ ಅವಳ ತಲೆಗೆ ದಾಟಿಸುವ ಆಸೆಯಿಂದ, "ಅಷ್ಟು ತಿಂಗಳು ಇತ್ತಲ್ಲ, ಬೇರೆ ಯಾರ ಹತ್ರಾದ್ರೂ ಕಲೀಬಹುದಿತ್ತಲ್ಲ?" ಎಂದೆ. ತರಗತಿಯಲ್ಲಿ ಹೋಮ್‌ವರ್ಕ್ ಮಾಡದವರನ್ನು ಕೇಳುವ ದನಿ ಅದು.

"ನಮ್ ಮೈದುನ ಕಲಿಸ್ತೀನಿ ಅಂದಿದ್ದ. ದಿನಾ ಸಂಜೆ ಬರ್ತೀನಿ ಅಂದ. ನಾನೇ ಬ್ಯಾಡ ಅಂದೆ. ಟೀಚರಿಗೆ ಹೇಳಿಯಾಗಿದೆ, ಅವ್ರು ಒಪ್ಕಂಡಾರೆ ಅಂದೆ."

ನಮ್ಮ ಕಡೆ ಒಂದು ಕೆಲಸಕ್ಕೆ ಒಬ್ಬರಿಗೆ ಹೇಳಿದ ಮೇಲೆ ಇನ್ನೊಬ್ಬರ ಹತ್ತಿರ ಹೋಗುವುದಿಲ್ಲ. ಮದುವೆ ಅಡಿಗೆಯವರಾಗಲಿ, ಬಾವಿ ತೆಗೆಯುವವರಾಗಲಿ, ಹೇಳಿದವರು ಬರುವ ತನಕ ಕಾಯಬೇಕು. ಇದು ನನಗೆ ಗೊತ್ತಿಲ್ಲದ್ದೇನಲ್ಲ, ನಾನೂ ಇಲ್ಲಿಯೇ ಹುಟ್ಟಿದವಳು. ಆದರೂ ಆ ಮರ್ಯಾದೆ ನನಗೂ ಸಲ್ಲುತ್ತಿದೆ, ಭಾನುವಾರ ಭಾನುವಾರ ಸಲ್ಲುತ್ತಲೇ ಇತ್ತು ಎಂಬುದು ನನ್ನ ತಲೆಗೆ ಹೊಳೆದಿರಲಿಲ್ಲ.

ಅವಳಿಗೆ ಏನೋ ಅನುಮಾನ ಬಂದಿರಬೇಕು. "ನೀವು ಬರ್ತೀನಿ ಅಂದ್ಮೇಲೆ ಇನ್ನೊಬ್ರ ಹತ್ರ ಕಲ್ತಿದ್ರೆ ನಿಮಗೆ ಬೇಜಾರಾಗ್ತಿರ್ಲಿಲ್ವಾ?" ಎಂದು ಕೇಳಿದಳು.

ಬೇಜಾರಾಗುವುದಿರಲಿ, ನನಗದು ಗೊತ್ತೇ ಆಗುತ್ತಿರಲಿಲ್ಲ. ಗೊತ್ತಾಗಿದ್ದರೆ ಪೀಡೆ ಕಳೆಯಿತೆಂದು ಇನ್ನೂ ಜೋರಾಗಿ ತುಳಿಯುತ್ತಿದ್ದೆ. ಆದರೆ ಅದನ್ನು ಅವಳ ಮುಖ ನೋಡಿಕೊಂಡು ಹೇಳುವುದು ಹೇಗೆ?

"ಆಗ್ತಿತ್ತು" ಎಂದೆ.

ಅವಳು ಅದೇ ಅಲ್ವಾ ಎನ್ನುವಂತೆ ತಲೆಯಾಡಿಸಿದಳು. ತಾನು ಮಾಡಿದ್ದು ಸರಿಯೇ ಆಯಿತೆಂದು ಅವಳಿಗೆ ಸಮಾಧಾನವಾಯಿತು.